ಚೀನೀ ಗಿಡಮೂಲಿಕೆ ಕುಡಿಯುವ ಮುಂಚೆ ಅದರ ಹೆಸರು ಕೇಳಿ

ಚೀನೀ ಔಷಧಿಯ ಪೊಟ್ಟಣ ಕೈಗೆ ಬಂದ ಕೂಡಲೇ ಎಲ್ಲರೂ ಕೇಳುವುದು, "ಇದು ಯಾವುದಕ್ಕೆ ಒಳ್ಳೆಯದು?" ಅಂತ. ಅದು ಆಮೇಲಿನ ಮಾತು. ಮೊದಲು ಕೇಳಬೇಕಾದ್ದು, "ಇದರಲ್ಲಿ ಏನೇನಿದೆ?"

ಯಾಕೆ ಅಂತೀರಾ? 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ತೂಕ ಇಳಿಸಲು ಮಾತ್ರೆ ನುಂಗಿದ ಹೆಂಗಸರ ಕಿಡ್ನಿಗಳು ಒಬ್ಬರಾದ ಮೇಲೊಬ್ಬರಿಗೆ ಕೆಟ್ಟವು. ಮಾತ್ರೆಯಲ್ಲಿ ಫಾಂಗ್ ಜಿ ಎಂಬ ಬೇರು ಇರಬೇಕಿತ್ತು. ಹೆಸರಿಗೆ ಇತ್ತು ಕೂಡ. ಆದರೆ ಹಾನ್ ಫಾಂಗ್ ಜಿ ಒಂದು ಗಿಡ, ಗುವಾಂಗ್ ಫಾಂಗ್ ಜಿ ಬೇರೆಯೇ ಗಿಡ. ಮೊದಲನೆಯದರ ಜಾಗಕ್ಕೆ ಎರಡನೆಯದು ಬಂದು ಸೇರಿತ್ತು, ಅದರಲ್ಲಿ ಕಿಡ್ನಿಯನ್ನೇ ತಿನ್ನುವ ಅರಿಸ್ಟೊಲೋಕಿಕ್ ಆಸಿಡ್ ಇರುತ್ತದೆ. ತೊಂದರೆಗೆ ಸಿಕ್ಕಿದವರು ನೂರಕ್ಕೂ ಹೆಚ್ಚು ಮಂದಿ. ಆಮೇಲೆ, ಕಿಡ್ನಿ ಪೂರ್ತಿ ಹೋದವರಲ್ಲಿ 39 ಜನರ ಕಿಡ್ನಿ, ಮೂತ್ರನಾಳ ತೆಗೆದು ಪರೀಕ್ಷಿಸಿದಾಗ 18 ಜನರಲ್ಲಿ ಕ್ಯಾನ್ಸರ್ ಸಿಕ್ಕಿತು.

ಹಾಗಾಗಿ ಪ್ರತಿಯೊಂದು ಮೂಲಿಕೆಗೂ ಮೂರು ವಿಷಯ ಬರೆಸಿಕೊಳ್ಳಿ: ಚೀನೀ ಹೆಸರು, ಲ್ಯಾಟಿನ್ ಹೆಸರು, ಗಿಡದ ಯಾವ ಭಾಗ. ಲ್ಯಾಟಿನ್ ಹೆಸರಿನಲ್ಲಿ ಅರಿಸ್ಟೊಲೋಕಿಯಾ ಅಂತ ಕಂಡರೆ ಅಲ್ಲೇ ಬಿಟ್ಟು ಬನ್ನಿ. "ಇದು ಗುಟ್ಟಿನ ಮಿಶ್ರಣ, ಹೇಳೋ ಹಾಗಿಲ್ಲ" ಅಂದರೂ ಅಷ್ಟೇ.

ಇನ್ನು ಗುಣಗಳ ಮಾತು. ಜಿನ್ಸೆಂಗ್ ಶಕ್ತಿಗೆ, ದಾಂಗ್ ಗುಯಿ ಮುಟ್ಟಿನ ತೊಂದರೆಗೆ, ಹೆ ಶೌ ವು ಬಿಳಿ ಕೂದಲು ಕಪ್ಪಾಗಲು, ಮಾ ಹುವಾಂಗ್ ಕೆಮ್ಮು ದಮ್ಮಿಗೆ ಅಂತ ಹೇಳುತ್ತಾರೆ. ಎಲ್ಲವೂ ಬುರುಡೆ ಅಂತ ತಳ್ಳಿಹಾಕಲು ನಾನು ತಯಾರಿಲ್ಲ. ಮಲೇರಿಯಾದ ಔಷಧಿ ಆರ್ಟೆಮಿಸಿನಿನ್ ಹುಟ್ಟಿದ್ದೇ ಚಿಂಗ್ ಹಾವ್ ಎಂಬ ಗಿಡದಿಂದ, ಅದಕ್ಕೇ ಚೀನಾದ ವಿಜ್ಞಾನಿ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂತು. ಆದರೆ ಅವರು ಕಷಾಯ ಕಾಸಿ ಕೊಡಲಿಲ್ಲ. ಕುದಿಸಿದರೆ ಗುಣ ಹೋಗುತ್ತಿದೆ ಅಂತ ಅನುಮಾನ ಬಂದು, ಕಡಿಮೆ ಶಾಖದಲ್ಲಿ ಈಥರ್ ಎಂಬ ದ್ರಾವಕ ಬಳಸಿ ಸಾರ ತೆಗೆದರು, ಅದನ್ನು ಪ್ರಾಣಿಗಳ ಮೇಲೆ, ಮನುಷ್ಯರ ಮೇಲೆ ಪರೀಕ್ಷಿಸಿದರು. ಅಷ್ಟು ದೂರ ಬಂದ ಮೂಲಿಕೆಗಳು ಕಡಿಮೆ. ಉಳಿದವುಗಳಲ್ಲಿ ಹೆ ಶೌ ವು ಕೂದಲಿಗೆ ಏನು ಮಾಡುತ್ತದೋ, ಲಿವರ್ ಕೆಡಿಸಿದ್ದಂತೂ ದಾಖಲಾಗಿದೆ. ಮಾ ಹುವಾಂಗ್‌ನಲ್ಲಿರುವ ಎಫೆಡ್ರಿನ್ ಬಿಪಿ ಏರಿಸುತ್ತದೆ, ಎದೆ ಬಡಿತ ಹೆಚ್ಚಿಸುತ್ತದೆ. ಅಮೆರಿಕ 2004ರಲ್ಲಿ ಎಫೆಡ್ರಿನ್ ಇರುವ ಸಪ್ಲಿಮೆಂಟ್‌ಗಳನ್ನು ನಿಷೇಧಿಸಿತು.

ನೀವು ಈಗಾಗಲೇ ಮಾತ್ರೆ ತಗೊಳ್ಳುತ್ತಿದ್ದರೆ ಇಲ್ಲಿ ಸ್ವಲ್ಪ ನಿಧಾನಿಸಿ. ರಕ್ತ ತೆಳುವಾಗಿಸುವ ವಾರ್ಫರಿನ್ ಇದ್ದರೆ ದಾಂಗ್ ಗುಯಿ, ದಾನ್ ಶೆನ್, ಗೋಜಿ ಹಣ್ಣು ರಕ್ತಸ್ರಾವ ಹೆಚ್ಚಿಸಬಹುದು, ಜಿನ್ಸೆಂಗ್ ಉಲ್ಟಾ ವಾರ್ಫರಿನ್ನಿನ ಕೆಲಸವನ್ನೇ ತಗ್ಗಿಸಬಹುದು. ಗಾನ್ ತ್ಸಾವ್ ಅಂದರೆ ನಮ್ಮ ಜ್ಯೇಷ್ಠಮಧುವಿನ ಜಾತಿಯದೇ. ರುಚಿ ಸಿಹಿ, ಎಷ್ಟೋ ಮಿಶ್ರಣಗಳಲ್ಲಿ ಸುಮ್ನೆ ಒಂದು ತುಂಡು ಬಿದ್ದಿರುತ್ತದೆ, ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ವಾರಗಟ್ಟಲೆ ಜಾಸ್ತಿ ಹೋದರೆ ಪೊಟ್ಯಾಸಿಯಂ ಇಳಿದು ಬಿಪಿ ಏರುತ್ತದೆ. ಬಸುರಿಯರು, ಹಾಲೂಡಿಸುವವರು, ಮಕ್ಕಳು, ಕಿಡ್ನಿ ಲಿವರ್ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಲೇಬೇಡಿ. ಆಪರೇಷನ್ ಇದ್ದರೆ ಮುಂಚೆಯೇ ಹೇಳಿ.

ತಯಾರಾದ ಮಾತ್ರೆ ಒಂದೇ ದಿನಕ್ಕೆ ಜಾದೂ ಮಾಡಿದರೆ ಖುಷಿಪಡಬೇಡಿ. ಕೀಲುನೋವಿನ ಮಾತ್ರೆಗೆ ಸ್ಟೆರಾಯ್ಡ್, ತೂಕದ ಮಾತ್ರೆಗೆ ಸಿಬುಟ್ರಮಿನ್ ಎಂಬ ಹಸಿವು ಕುಗ್ಗಿಸುವ ಔಷಧಿ ಬೆರೆಸಿ ಸಿಕ್ಕಿಬಿದ್ದದ್ದು ಎಷ್ಟೋ ಸಲ.

ಕಷಾಯ ಮಾಡುವುದು ಸುಲಭ. ಮಣ್ಣಿನ ಅಥವಾ ಪಿಂಗಾಣಿ ಪಾತ್ರೆ ಇರಲಿ, ಕಬ್ಬಿಣ, ಅಲ್ಯೂಮಿನಿಯಂ ಬೇಡ. ಅರ್ಧ ಗಂಟೆ ನೆನೆಸಿ, ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ ಇಪ್ಪತ್ತು ಮೂವತ್ತು ನಿಮಿಷ ಕಾಯಿಸಿ ಸೋಸಿ. ಆದರೆ ಫು ಜಿ ಅಥವಾ ತ್ಸಾವ್ ವು ಚೀಟಿಯಲ್ಲಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ಅವು ವತ್ಸನಾಭಿಯ ಬಳಗ. ಹಸಿಯಾಗಿದ್ದರೆ ವಿಷ, ಸಂಸ್ಕರಿಸಿ, ಗಂಟೆಗಟ್ಟಲೆ ಕುದಿಸಿದರೆ ಮಾತ್ರ ಅವುಗಳಲ್ಲಿರುವ ಅಕೊನಿಟಿನ್ ಎಂಬ ವಿಷದ ಬಲ ತಗ್ಗುತ್ತದೆ, ಅದೂ ಪೂರ್ತಿಯಲ್ಲ. ಮನೆಯಲ್ಲಿ ಇದರ ಪ್ರಯೋಗಕ್ಕೆ ಕೈ ಹಾಕಬೇಡಿ.

ಕುಡಿದ ಮೇಲೆ ತುಟಿ ನಾಲಿಗೆ ಜುಮ್ಮೆಂದು ಮರಗಟ್ಟಿದರೆ, ವಾಂತಿಯಾಗಿ ಎದೆ ಡವಡವ ಅಂದರೆ, "ಔಷಧಿ ಕೆಲಸ ಮಾಡ್ತಿದೆ" ಅಂತ ಕೂರಬೇಡಿ. ಅಕೊನಿಟಿನ್‌ಗೆ ಪ್ರತಿವಿಷ ಇಲ್ಲ, ತಡಮಾಡದೆ ಆಸ್ಪತ್ರೆಗೆ ಓಡಿ. ಕಣ್ಣು ಹಳದಿಯಾದರೂ, ಮೂತ್ರ ಕಪ್ಪಾದರೂ ಅಂದೇ ಕುಡಿಯುವುದು ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಹೋಗುವಾಗ ಚೀಟಿ, ಪೊಟ್ಟಣ, ಪಾತ್ರೆಯಲ್ಲಿ ಉಳಿದ ಚರಟ ಕೂಡ ಒಯ್ಯಿರಿ. ಅಲ್ಲಿನ ಡಾಕ್ಟರು ಮೊದಲು ಕೇಳುವುದೂ ಅದನ್ನೇ, ಏನು ಕುಡಿದಿರಿ ಅಂತ.