ನಾಲ್ಕೂವರೆ ತಿಂಗಳ ಅಂಚೆ: ನನ್ನ ಕಾನ್‌ಫೆಡರೇಟ್ ಕವರ್‌ಗಳ ಅನುಭವ

1861ರ ಜೂನ್ 1. ಅಮೆರಿಕದ ಅಂತರ್ಯುದ್ಧ ಶುರುವಾಗಿ ಎರಡು ತಿಂಗಳೂ ತುಂಬಿರಲಿಲ್ಲ. ಒಕ್ಕೂಟದಿಂದ ಬೇರೆಯಾಗಿ ಕಾನ್‌ಫೆಡರೇಟ್ ಅಂತ ಕರೆಸಿಕೊಂಡ ದಕ್ಷಿಣದ ರಾಜ್ಯಗಳು ಅವತ್ತು ಅಂಚೆಯನ್ನು ತಮ್ಮ ಕೈಗೆ ತೆಗೆದುಕೊಂಡವು. ಪೋಸ್ಟ್‌ಮಾಸ್ಟರ್ ಜನರಲ್ ಜಾನ್ ರೇಗನ್ ಹತ್ತಿರ ಅಂಚೆ ಕಚೇರಿಗಳಿದ್ದವು, ಸಿಬ್ಬಂದಿ ಇದ್ದರು, ದರವೂ ಗೊತ್ತಾಗಿತ್ತು: 500 ಮೈಲಿಯೊಳಗೆ 5 ಸೆಂಟ್, ದಾಟಿದರೆ 10. ಸ್ಟಾಂಪು ಮಾತ್ರ ಇರಲಿಲ್ಲ. ಅವರ ಅಧ್ಯಕ್ಷ ಜೆಫರ್ಸನ್ ಡೇವಿಸ್ ಮುಖದ ಹಸಿರು 5 ಸೆಂಟ್ ಸ್ಟಾಂಪು ಹೊರಬಂದಿದ್ದು ಅಕ್ಟೋಬರ್ 16ಕ್ಕೆ. ಅಲ್ಲಿಯವರೆಗೆ ಊರೂರಿನ ಪೋಸ್ಟ್‌ಮಾಸ್ಟರ್‌ಗಳು ತಾವೇ ಏನೋ ಒಂದು ದಾರಿ ಮಾಡಿಕೊಂಡರು. ಕೆಲವರು ತಾವೇ ಸ್ಟಾಂಪು ಅಚ್ಚು ಹಾಕಿಸಿದರು. ಹೆಚ್ಚಿನವರು ಲಕೋಟೆಯ ಮೇಲೆ ‘ಪೇಡ್ 5’ ಅಂತ ಮುದ್ರೆ ಒತ್ತಿದರು. ಆ ಸ್ಟಾಂಪುಗಳು, ಮೊದಲೇ ಮುದ್ರೆ ಒತ್ತಿಟ್ಟು ಮಾರಿದ ಲಕೋಟೆಗಳು, ಇವೇ ಪೋಸ್ಟ್‌ಮಾಸ್ಟರ್ ಪ್ರಾವಿಷನಲ್‌ಗಳು, ಅಂದರೆ ತಾತ್ಕಾಲಿಕ ಸ್ಟಾಂಪು, ಲಕೋಟೆಗಳು. ನಾನು ಸಂಗ್ರಹಿಸುವುದು ಇವನ್ನೇ.

ಬೆಂಗಳೂರಿನಲ್ಲಿದ್ದಾಗ ನನ್ನ ಹತ್ತಿರ ಇದ್ದದ್ದು ನಮ್ಮ ದೇಶಿ ಸಂಸ್ಥಾನಗಳ ಸ್ಟಾಂಪು. ಒರಟು ಕಾಗದ, ಅಂಕುಡೊಂಕು ಅಚ್ಚು. ಕೆಲಸಕ್ಕೆಂದು ಅಟ್ಲಾಂಟಾಗೆ ಬಂದ ಮೇಲೆ ಅದೇ ಥರದ ಕೈಕೆಲಸ ಇಲ್ಲಿನ ಪ್ರಾವಿಷನಲ್‌ಗಳಲ್ಲಿ ಕಂಡಿತು. ಜಾರ್ಜಿಯಾದ ಮೇಕನ್ ಊರಿನದು ಅಚ್ಚುಮೊಳೆ ಜೋಡಿಸಿ ಮಾಡಿದ್ದು. ಟೆಕ್ಸಾಸ್‌ನ ಗೋಲಿಯಡ್‌ನಲ್ಲಿ ಮೊಳೆ ಜೋಡಿಸಿದವನು ಊರಿನ ಹೆಸರಿನಲ್ಲೇ ಅಕ್ಷರ ಅದಲುಬದಲು ಮಾಡಿದ, ಆ ತಪ್ಪಿನ ಸ್ಟಾಂಪೂ ಉಳಿದಿದೆ. ಲೂಸಿಯಾನಾದ ಮೌಂಟ್ ಲೆಬನಾನ್‌ನಲ್ಲಿ ಅಚ್ಚನ್ನು ನೇರವಾಗಿಯೇ ಕೆತ್ತಿದ್ದರಿಂದ ಸ್ಟಾಂಪು ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವಾಗಿ ಮೂಡಿತು. ಜಗತ್ತಿನಲ್ಲಿ ಅದು ಒಂದೇ ಒಂದು ಗೊತ್ತಿದೆ. ಅಂಥದ್ದು ನಮಗೆ ಸಿಗುವ ಮಾತಲ್ಲ ಬಿಡಿ. ಆದರೆ ನ್ಯೂ ಓರ್ಲಿಯನ್ಸ್, ಮೆಂಫಿಸ್‌ನಂಥ ದೊಡ್ಡ ಊರುಗಳವು ಸಂಬಳದವರ ಕೈಗೂ ಎಟಕುತ್ತವೆ. ನಾನು ಹಿಡಿದಿದ್ದು ನ್ಯೂ ಓರ್ಲಿಯನ್ಸನ್ನು.

ಅಲ್ಲಿನ ಪೋಸ್ಟ್‌ಮಾಸ್ಟರ್ ಜಾನ್ ರಿಡೆಲ್ ರಸಾಯನಶಾಸ್ತ್ರದ ಪ್ರೊಫೆಸರ್. ಎರಡು ಕಣ್ಣಿನಿಂದ ನೋಡುವ ಸೂಕ್ಷ್ಮದರ್ಶಕ ಮಾಡಿದವರೂ ಇವರೇ. 2 ಸೆಂಟ್, 5 ಸೆಂಟ್ ಸ್ಟಾಂಪು ಅಚ್ಚು ಹಾಕಿಸಿದರು, ಮೇಲೆ ತಮ್ಮ ಹೆಸರನ್ನೂ ಹಾಕಿಸಿದರು.

ಒಂದು ನಿಯಮವನ್ನು ನಾನು ಬಿಡುವುದಿಲ್ಲ: ಬಿಡಿ ಸ್ಟಾಂಪಿಗಿಂತ ಮೊದಲು ಕವರ್, ಅಂದರೆ ಅಂಚೆಯಲ್ಲಿ ಹೋದ ಪೂರ್ತಿ ಲಕೋಟೆ. ಪ್ರಾವಿಷನಲ್‌ಗಳ ಅಚ್ಚು ಅಷ್ಟು ಸರಳ, ನಕಲು ಮಾಡುವುದು ಅಷ್ಟೇ ಸುಲಭ. ಬಾಸ್ಟನ್‌ನ ಎಸ್. ಅಲನ್ ಟೇಲರ್ 1860ರ ದಶಕದಲ್ಲೇ ನಕಲಿ ಸ್ಟಾಂಪು ಮಾರುತ್ತಿದ್ದ. ಬಿಡಿ ಸ್ಟಾಂಪಿನ ಪರವಾಗಿ ಮಾತಾಡಲು ಯಾರೂ ಇರುವುದಿಲ್ಲ. ಕವರ್ ಇದ್ದರೆ ಊರು, ತಾರೀಖು, ದರ, ದೂರ, ಶಾಯಿ ಎಲ್ಲವೂ ಸಾಕ್ಷಿ ಹೇಳುತ್ತವೆ.

ನನ್ನ ಹತ್ತಿರದ ಒಂದು ಕವರ್ ನೋಡಿ. ನ್ಯೂ ಓರ್ಲಿಯನ್ಸ್‌ನಿಂದ ಅಲಬಾಮಾದ ಮೊಬೀಲ್ ಊರಿಗೆ, 1861ರ ಆಗಸ್ಟ್. ಕಂದು ಬಣ್ಣದ 5 ಸೆಂಟ್. ಈ ಸ್ಟಾಂಪುಗಳ ಅಂಚಿನಲ್ಲಿ ತೂತು ಇರುತ್ತಿರಲಿಲ್ಲ, ಕತ್ತರಿಯಲ್ಲಿ ಕತ್ತರಿಸಿಕೊಳ್ಳಬೇಕು. ಇದನ್ನು ಕತ್ತರಿಸಿದವರು ಅವಸರದಲ್ಲಿದ್ದರು, ಎಡಗಡೆ ಚೌಕಟ್ಟಿನ ಗೆರೆಗೇ ಕತ್ತರಿ ತಾಗಿದೆ. ಊರಿನ ದುಂಡು ಮುದ್ರೆ ಅರ್ಧ ಸ್ಟಾಂಪಿನ ಮೇಲೆ, ಅರ್ಧ ಲಕೋಟೆಯ ಮೇಲೆ. ಮಸೂರದಲ್ಲಿ ನೋಡಿದರೆ ಕಪ್ಪು ಗೆರೆ ಸ್ಟಾಂಪಿನ ಅಂಚು ಇಳಿಯುವ ಕಡೆ ಕೂದಲೆಳೆಯಷ್ಟು ತುಂಡಾಗಿ ಮತ್ತೆ ಅದೇ ಬಾಗಿನಲ್ಲಿ ಮುಂದುವರಿಯುತ್ತದೆ. ಕಾಗದದ ದಪ್ಪದಿಂದ ಆಗುವ ತುಂಡು ಅದು. ಆಮೇಲೆ ಯಾರಾದರೂ ಪೆನ್ನಿನಲ್ಲಿ ಗೆರೆ ಎಳೆದು ಸೇರಿಸಿದ್ದರೆ ಹೀಗೆ ಬರುವುದಿಲ್ಲ. ಸ್ಟಾಂಪಿನ ಸುತ್ತ ಗೋಂದು ಕಾಗದಕ್ಕೆ ಇಳಿದು ತೆಳು ಕಂದು ನೆರಳಾಗಿದೆ. ದೂರ 500 ಮೈಲಿಯೊಳಗೆ, ದರ 5. ಎಲ್ಲ ತಾಳೆಯಾಯಿತು.

ತಾಳೆಯಾಗದಿದ್ದರೆ? ನ್ಯೂ ಓರ್ಲಿಯನ್ಸ್‌ನಿಂದ ರಿಚ್ಮಂಡ್‌ಗೆ ಹೋದ ಮಾಮೂಲಿ ಕಾಗದಕ್ಕೆ 10 ಸೆಂಟ್ ಬೇಕು. ಅದರ ಮೇಲೆ ಒಂದೇ 5 ಸೆಂಟ್ ಇದ್ದರೆ, ಬಾಕಿ ವಸೂಲಿಯ ಗುರುತೂ ಇಲ್ಲದಿದ್ದರೆ, ಇನ್ನೊಂದು ಸ್ಟಾಂಪು ಬಿದ್ದುಹೋಗಿರಬೇಕು, ಇಲ್ಲವೇ ಇದ್ದ ಒಂದನ್ನು ಆಮೇಲೆ ಅಂಟಿಸಿರಬೇಕು. ಸ್ಟಾಂಪಿಲ್ಲದ ಅಸಲಿ ಕವರ್‌ಗೆ ಸ್ಟಾಂಪು ಅಂಟಿಸಿ ಬೆಲೆ ಏರಿಸುವುದು ಹಳೇ ಆಟ. ಹಾಗಾಗಿ ದೊಡ್ಡ ಮೊತ್ತ ಕೊಡುವ ಮುಂಚೆ ಪ್ರಮಾಣಪತ್ರ ಕೇಳುತ್ತೇನೆ. ನ್ಯೂಯಾರ್ಕ್‌ನ ಫಿಲಾಟೆಲಿಕ್ ಫೌಂಡೇಶನ್ ಕೊಡುತ್ತದೆ. ಸಿವಿಲ್ ವಾರ್ ಫಿಲಾಟೆಲಿಕ್ ಸೊಸೈಟಿಯೂ ಪರೀಕ್ಷೆ ಮಾಡಿಕೊಡುತ್ತದೆ. 1935ರಲ್ಲಿ ಅದು ಶುರುವಾದಾಗ ಹೆಸರು ಕಾನ್‌ಫೆಡರೇಟ್ ಸ್ಟಾಂಪ್ ಅಲಯನ್ಸ್ ಅಂತ ಇತ್ತು. ಮಾರುವವರು ಪರೀಕ್ಷೆಗೆ ಒಪ್ಪದಿದ್ದರೆ ಮಾತು ಅಲ್ಲಿಗೇ ಮುಗಿಸುತ್ತೇನೆ.

ಮುದ್ರೆ ಒತ್ತಿದ ಲಕೋಟೆಗಳ ವಿಚಾರ ಇನ್ನೂ ಸ್ವಾರಸ್ಯದ್ದು. ಕೌಂಟರಿಗೆ ಬಂದ ಕಾಗದಕ್ಕೆ ದುಡ್ಡು ತಗೊಂಡು ‘ಪೇಡ್ 5’ ಒತ್ತಿದರೆ ಅದು ಸುಮ್ನೆ ಮುದ್ರೆ ಅಷ್ಟೇ. ಮೊದಲೇ ಲಕೋಟೆಗಳಿಗೆ ಒತ್ತಿಟ್ಟು, ಬೇಕಾದವರಿಗೆ ಮಾರಿದ್ದರೆ ಅದು ಪ್ರಾವಿಷನಲ್. ಕಣ್ಣಿಗೆ ಎರಡೂ ಒಂದೇ ಥರ, ಬೆಲೆ ಮಾತ್ರ ಆಕಾಶ ಭೂಮಿ. ಮೊದಲೇ ಮಾರಿದ್ದು ಅಂತ ಹೇಗೆ ತೋರಿಸುವುದು? ಪೋಸ್ಟ್‌ಮಾಸ್ಟರ್ ತನ್ನ ಲಕೋಟೆ ಅಂತ ಗುರುತಿಗೆ ಹಾಕಿದ ಸಹಿಯೋ ಬೇರೆ ಮುದ್ರೆಯೋ ಇರಬಹುದು. ಅದೇ ಲಕೋಟೆಯನ್ನು ಬೇರೆ ಊರಿನಲ್ಲಿ ಪೋಸ್ಟ್ ಮಾಡಿರಬಹುದು. ಇಲ್ಲವೇ ಹಳೇ ಮುದ್ರೆಯ ಮೇಲೆಯೇ ಆಮೇಲೆ ಬಂದ ಸರ್ಕಾರಿ ಸ್ಟಾಂಪು ಅಂಟಿಸಿರಬಹುದು. ಈ ಮೂರರಲ್ಲಿ ಒಂದು ಸಿಕ್ಕರೂ ನನಗೆ ಹಬ್ಬ. ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು, ಮಾಮೂಲಿ ‘ಪೇಡ್ 5’ ಕವರ್‌ಗಳನ್ನೇ ಮೊದಲು ಕೊಳ್ಳಿ. ಬೆಲೆ ಕಡಿಮೆ. ಆ ಕಾಲದ ಶಾಯಿ, ಕಾಗದ ಹೇಗಿರುತ್ತದೆ ಅಂತ ಕಣ್ಣಿಗೆ ಅಭ್ಯಾಸವಾಗುತ್ತದೆ.

ಒಳಗೆ ಕಾಗದ ಉಳಿದಿದ್ದರೆ ಪೂರ್ತಿ ಓದುತ್ತೇನೆ. ಹತ್ತಿ ವ್ಯಾಪಾರಿಗಳ ಪತ್ರದಲ್ಲಿ ಹತ್ತಿಯ ರೇಟಿನ ಪಕ್ಕದಲ್ಲೇ ಗುಲಾಮರ ರೇಟು ಬರುತ್ತದೆ. ಓದುವಾಗ ಹೊಟ್ಟೆ ತೊಳಸುತ್ತದೆ. ಮನುಷ್ಯರನ್ನು ಮಾರುವುದನ್ನು ಉಳಿಸಿಕೊಳ್ಳಲು ಹುಟ್ಟಿದ ಸರ್ಕಾರದ ಅಂಚೆ ಇದು. ಆಲ್ಬಮ್ ಪುಟದಲ್ಲಿ ದರ, ಮುದ್ರೆಗಳ ವಿವರದ ಜೊತೆ ಆ ಸಾಲುಗಳನ್ನೂ ಬರೆದಿಡುತ್ತೇನೆ. ಬಿಟ್ಟರೆ ಕವರ್ ಬಗ್ಗೆ ಸುಳ್ಳು ಹೇಳಿದ ಹಾಗೆ ಅಲ್ವಾ?

ಕವರ್‌ಗಳನ್ನು ಇಡುವುದು ಪಾಲಿಯೆಸ್ಟರ್ ಚೀಲದಲ್ಲಿ. ಪಿವಿಸಿ ಬೇಡವೇ ಬೇಡ. ಕಲೆ ತೆಗೆಯುವುದು, ಹರಿದದ್ದನ್ನು ಅಂಟಿಸುವುದು ಯಾವುದೂ ಮಾಡುವುದಿಲ್ಲ. ಅಟ್ಲಾಂಟಾದ ಬೇಸಿಗೆಯಲ್ಲಿ ತೇವ ಜಾಸ್ತಿ, ಅದಕ್ಕೆ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್.

ಈಗ ಹುಡುಕುತ್ತಿರುವುದು ರಿಡೆಲ್ ಅವರ 5 ಸೆಂಟ್ ಎರಡು ಅಂಟಿಸಿ ದೂರದ ಊರಿಗೆ ಕಳಿಸಿದ ಕವರ್. 1862ರ ಏಪ್ರಿಲ್ ಕೊನೆಯಲ್ಲಿ ನ್ಯೂ ಓರ್ಲಿಯನ್ಸ್ ಒಕ್ಕೂಟದ ಸೇನೆಯ ವಶವಾಯಿತು, ಅಲ್ಲಿಗೆ ಈ ಅಂಚೆ ನಿಂತಿತು. ಹಾಗಾಗಿ ಹರಾಜಿನ ಪಟ್ಟಿ ಬಂದ ಕೂಡಲೇ ಮೊದಲು ತಾರೀಖು ನೋಡುತ್ತೇನೆ, ಆಮೇಲೆ ವಿಳಾಸದ ಊರು, ಬೆಲೆ ಕೊನೆಗೆ.