ಕಲಬುರಗಿ ಬಿಸಿಲಲ್ಲಿ ಕಾದಂಬರಿ ಓದಲು ತಣ್ಣನೆ ಜಾಗ ಹುಡುಕಿದ್ದು

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಬೆಂಗಳೂರಿನಲ್ಲಿರುವ ಗೆಳತಿಯರಿಗೆ ಇದನ್ನು ಹೇಳಿದರೆ ಹೊಟ್ಟೆಕಿಚ್ಚು. ಮೇ ತಿಂಗಳಲ್ಲಿ 1.30ಕ್ಕೆ ನಮ್ಮ ಸ್ಕೂಟಿ ಸೀಟಿನ ಮೇಲೆ ಒಮ್ಮೆ ಕೂತು ನೋಡಲಿ, ಆಮೇಲೆ ಮಾತಾಡೋಣ. ಆದರೂ ಅರ್ಧ ದಿನ ಕೈಗೆ ಸಿಗುತ್ತದೆ ಅನ್ನೋದು ಸುಳ್ಳಲ್ಲ. ಆ ಅರ್ಧ ದಿನವನ್ನು ಕಾದಂಬರಿಗೆ, ಭಾನುವಾರಗಳನ್ನು ತಿರುಗಾಟಕ್ಕೆ ಅಂತ ಈ ಬೇಸಿಗೆ ಎತ್ತಿಟ್ಟೆ.

ನನ್ನದು ಮೇಲಿನ ಮಹಡಿಯ ಬಾಡಿಗೆ ಮನೆ. ಆರ್‌ಸಿಸಿ ಛತ್ತು ಸಂಜೆ ಏಳಾದರೂ ರೊಟ್ಟಿ ಹಂಚಿನ ಹಾಗೆ ಕಾದಿರುತ್ತದೆ. ಕೂಲರ್ ಇದೆ, ಆದರೆ ಅದಕ್ಕೆ ನೀರು ಹೊತ್ತು ಹಾಕೋದೇ ಒಂದು ಕೆಲಸ, ಕರೆಂಟ್ ಹೋದರೆ ಅದೂ ಇಲ್ಲ. ಕೆಳಗಿನ ಮನೆಯಲ್ಲಿ ಮಾಲೀಕರ ತಾಯಿ ಇದ್ದಾರೆ, ನಾನು ಅವರನ್ನು ಅವ್ವ ಅಂತಲೇ ಕರೆಯೋದು. 'ಮ್ಯಾಲ ಯಾಕ ಬೇಯಾಕತ್ತಿ ಬೇ, ಕೆಳಗ ಬಾ' ಅಂತ ಅವರೇ ಕರೆದರು. ಅದು ಹಳೇ ಮನೆ, ನೆಲಕ್ಕೆ ಶಹಾಬಾದ್ ಪರ್ಸಿ ಹಾಸಿದ್ದಾರೆ. ಬರೀ ಕಲ್ಲಿನ ಮೇಲೆ ದಿಂಬು ಹಾಕಿಕೊಂಡು ಒರಗಿ, ಪಕ್ಕದಲ್ಲಿ ಹರವಿ ನೀರು ಇಟ್ಟುಕೊಂಡರೆ ಮೂರು ತಾಸು ಹೋಗಿದ್ದೇ ಗೊತ್ತಾಗಲ್ಲ. ಬದಲಿಗೆ ಅವ್ವ ಕೇಳಿದ್ದು ಒಂದೇ, ಓದಿದ್ದನ್ನು ಹೇಳಬೇಕು. ಸುಮ್ನೆ ಹೂಂಗುಟ್ಟುವವರಲ್ಲ ಅವರು. ಆಸ್ತಿಗಾಗಿ ಅಣ್ಣತಮ್ಮ ಬೇರೆಯಾಗುವ ಕಥೆ ಬಂದಾಗ 'ಅವ್ರ ಹೊಲ ಎಷ್ಟ್ ಎಕರೆ ಇತ್ತು' ಅಂತ ಕೇಳಿದರು. ಲೇಖಕರು ಅದನ್ನು ಬರೆದೇ ಇರಲಿಲ್ಲ. ಬರೆಯಬೇಕಿತ್ತು ಅಂತ ಈಗ ನನಗೂ ಅನ್ನಿಸುತ್ತದೆ.

ಏನು ಓದಬೇಕು ಅಂತ ದೊಡ್ಡ ಪಟ್ಟಿ ಮಾಡಲಿಲ್ಲ. ಗ್ರಂಥಾಲಯದಲ್ಲಿ ಕಾದಂಬರಿ ಸಾಲಿನ ಮುಂದೆ ನಿಂತು ಮೊದಲ ಎರಡು ಪುಟ ಓದುತ್ತಿದ್ದೆ, ಮೂರನೆಯದಕ್ಕೆ ಕೈ ತಾನಾಗಿ ಹೋದರೆ ಮನೆಗೆ ತರುತ್ತಿದ್ದೆ. ವಾರದ ದಿನಗಳಿಗೆ ದಪ್ಪ ಕಾದಂಬರಿ, ಭಾನುವಾರದ ಚೀಲಕ್ಕೆ ಕಥಾ ಸಂಕಲನ. ಹೊರಗೆ ಹೋದಾಗ ಒಂದು ಕಥೆ ಮುಗಿಸಿ ಎದ್ದು ಅಡ್ಡಾಡಬಹುದು, ಕಾದಂಬರಿಯಾದರೆ ಎಳೆ ತಪ್ಪುತ್ತದೆ. ಕುಟುಂಬ ದೊಡ್ಡದಿದ್ದರೆ ಯಾರು ಯಾರಿಗೆ ಏನಾಗಬೇಕು ಅಂತ ಒಂದು ಚೀಟಿಯಲ್ಲಿ ಬರೆದು ಅದನ್ನೇ ಪುಟದ ಗುರುತಿಗೆ ಇಟ್ಟುಕೊಂಡೆ. ಇನ್ನೊಂದು ಮಾತು ಹೇಳಲೇಬೇಕು, ನಮ್ಮ ಕನ್ನಡ ಕಾದಂಬರಿಗಳಲ್ಲಿ ಎಷ್ಟೊಂದು ಮಳೆ ಅಲ್ವಾ? ಅಡಿಕೆ ತೋಟ, ಜಿಗಣೆ, ವಾರಗಟ್ಟಲೆ ಬಿಡದ ಜಡಿಮಳೆ. 43 ಡಿಗ್ರಿಯಲ್ಲಿ ಅದನ್ನು ಓದುವ ಸುಖವೇ ಬೇರೆ, ಒಪ್ಪುತ್ತೇನೆ. ಆದರೆ ತೊಗರಿ ಹೊಲ, ಬತ್ತಿದ ಕಾಗಿಣಾ ಹೊಳೆ, ಧೂಳು, ಉರಿ ಗಾಳಿ ಇರುವ ಪುಸ್ತಕ ಹುಡುಕೋಕೆ ಜಾಸ್ತಿ ಹೊತ್ತು ಬೇಕಾಯಿತು. ಸಿಕ್ಕಾಗ ಅವ್ವನಿಗೆ ವಿವರಿಸಿ ಹೇಳುವ ಕಷ್ಟವೂ ಇರಲಿಲ್ಲ.

ಪರ್ಸಿ ನೆಲದ ರುಚಿ ಹತ್ತಿದ ಮೇಲೆ ಭಾನುವಾರ ಎಲ್ಲಿಗೆ ಹೋಗಬೇಕು ಅನ್ನೋದೂ ಅದರಿಂದಲೇ ತೀರ್ಮಾನ ಆಗತೊಡಗಿತು. ಪ್ರಸಿದ್ಧ ಜಾಗವೋ ಅಲ್ಲವೋ ಅಂತ ನೋಡಲಿಲ್ಲ. ಮಧ್ಯಾಹ್ನ 12ಕ್ಕೆ ಅಲ್ಲಿ ದಪ್ಪ ಗೋಡೆಯ ನೆರಳು ಇರುತ್ತದೆಯೇ, ಯಾರೂ ಎಬ್ಬಿಸದೆ ಒಂದು ಕಥೆ ಓದಬಹುದೇ, ಇಷ್ಟೇ. ದಿನಕ್ಕೆ ಒಂದೇ ಜಾಗ. ಬೆಳಕು ಹರಿಯುವ ಹೊತ್ತಿಗೆ ಬಸ್ಸು, ಬಿಸಿಲು ಇಳಿದ ಮೇಲೆ ವಾಪಸ್ಸು. 2023ರಿಂದ ಶಕ್ತಿ ಯೋಜನೆ ಇರೋದರಿಂದ ಆಧಾರ್ ತೋರಿಸಿದರೆ ನಮಗೆ ಶೂನ್ಯ ಟಿಕೆಟ್, ಹಾಗಾಗಿ ಖರ್ಚು ಅಂದರೆ ಚಹಾ, ಆಟೋ ಮಾತ್ರ.

ಊರೊಳಗಿನದೇ ಮೊದಲು. ಕೋಟೆಯ ಜಾಮಿ ಮಸೀದಿ 1367ರದ್ದು. ಬೇರೆ ಕಡೆ ಮಸೀದಿಯ ಒಳಗೇ ನಡುವೆ ಬಯಲು ಅಂಗಳ ಇರುತ್ತದಲ್ಲ, ಇಲ್ಲಿ ಇಲ್ಲ. ಇಡೀ ಕಟ್ಟಡಕ್ಕೆ ಗುಮ್ಮಟಗಳ ಸೂರು, ಒಳಗೆ ಕಮಾನಿನ ಹಿಂದೆ ಕಮಾನು. ಯಾಕೆ ಹೀಗೆ ಕಟ್ಟಿದರು ಅಂತ ಪಂಡಿತರು ಏನೇನೋ ಹೇಳಲಿ, ಮೇ ತಿಂಗಳ ಮಧ್ಯಾಹ್ನ ಅಲ್ಲಿ ಕಾಲಿಟ್ಟವರು ಆ ಪ್ರಶ್ನೆ ಕೇಳಲ್ಲ. ಅಂಚಿನ ಕಮಾನಿನ ಕೆಳಗೆ ನಾನೂ ಅವ್ವನೂ ಕೂತಿದ್ದಾಗ ಅಲ್ಲಿದ್ದ ಒಬ್ಬರು 'ಏನ್ರಿ ಮೇಡಂ, ಪರೀಕ್ಷೆ ಅದ ಏನು?' ಅಂತ ಕೇಳಿದರು. ದೊಡ್ಡವರು ಪುಸ್ತಕ ಹಿಡಿದರೆ ಪರೀಕ್ಷೆಗೇ ಇರಬೇಕು ಅಂತ ಜನರ ಲೆಕ್ಕ. ಬಹಮನಿ ಸುಲ್ತಾನರ ಗೋರಿಗಳಿರುವ ಹಫ್ತ್ ಗುಂಬಜ್ ಕೂಡ ಇದೇ ಲೆಕ್ಕದಲ್ಲಿ ಪಾಸು. ಫಿರೋಜ್ ಶಾಹನ ಗೋರಿಯ ಗೋಡೆಯ ದಪ್ಪ ನೋಡಿದರೆ ಬಿಸಿಲು ಒಳಗೆ ಬರೋಕೆ ಹೆದರುತ್ತದೆ.

ಬೀದರಕ್ಕೆ 2017ರಲ್ಲಿ ಶುರುವಾದ ರೈಲು ಮಾರ್ಗವಿದೆ, ಆದರೆ ಹುಮನಾಬಾದ್ ಮೇಲೆ ಹೋಗುವ ಬಸ್ಸು ನಮಗೆ ಶೂನ್ಯ ಟಿಕೆಟ್, ಆದ್ದರಿಂದ ಬಸ್ಸೇ. ಆ ಊರು ಕಲಬುರಗಿಗಿಂತ ಎತ್ತರದಲ್ಲಿದೆ, ಬಸ್ಸಿಳಿದ ತಕ್ಷಣ ಅದು ಮೈಗೆ ಗೊತ್ತಾಗುತ್ತದೆ. ಕೋಟೆ ದೊಡ್ಡದು, ಎಲ್ಲವನ್ನೂ ನೋಡುತ್ತೇನೆ ಅಂತ ಹೊರಟರೆ ಸಂಜೆಗೆ ಕಾಲು ನೋವು ಮಾತ್ರ ನೆನಪಿರುತ್ತದೆ. ನಾನು ಸೀದಾ ಮಹಮೂದ್ ಗವಾನನ ಮದರಸಾಕ್ಕೆ ಹೋದೆ. 1472ರಲ್ಲಿ ಕಟ್ಟಿಸಿದ್ದು, ಮೂರು ಅಂತಸ್ತು, ಮುಂಭಾಗದಲ್ಲಿ ಬಣ್ಣದ ಹಂಚಿನ ಕೆಲಸ ಇನ್ನೂ ಅಲ್ಲಲ್ಲಿ ಉಳಿದಿದೆ. ಒಂದು ಕಾಲಕ್ಕೆ ಇಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವು ಅಂತಾರೆ.

ಅವತ್ತು ಚೀಲದಿಂದ ಕಥಾ ಸಂಕಲನ ತೆಗೆಯಲೇ ಇಲ್ಲ, ಯಾಕಂದರೆ ಗವಾನನ ಕಥೆಯೇ ತಲೆಯಲ್ಲಿ ಓಡುತ್ತಿತ್ತು. ಇರಾನಿನ ಗಿಲಾನಿನಿಂದ ವ್ಯಾಪಾರಕ್ಕೆ ಬಂದವನು ಬಹಮನಿ ರಾಜ್ಯದ ಪ್ರಧಾನಿಯಾದ. ಆಗದವರು ಅವನ ಮೊಹರು ನೋಡಿಕೊಳ್ಳುವವನನ್ನು ಬುಟ್ಟಿಗೆ ಹಾಕಿಕೊಂಡು, ಖಾಲಿ ಕಾಗದಕ್ಕೆ ಮೊಹರು ಒತ್ತಿಸಿ, ಅದರ ಮೇಲೆ ಒಡಿಶಾದ ರಾಜನಿಗೆ ಗವಾನನೇ ಬರೆದ ಹಾಗೆ ದ್ರೋಹದ ಪತ್ರ ಬರೆದರು. ಸುಲ್ತಾನ ವಿಚಾರಣೆಯನ್ನೂ ಮಾಡದೆ 1481ರಲ್ಲಿ ಅವನನ್ನು ಕೊಲ್ಲಿಸಿದ. ಕಚೇರಿಯಲ್ಲಿ ಕೆಲಸ ಮಾಡುವವರಿಗೆ ಖಾಲಿ ಹಾಳೆಯ ಮೇಲೆ ಸೀಲು ಅಂದರೆ ಎದೆ ಝಲ್ಲೆನ್ನುತ್ತದೆ. ನನಗೆ ಬೇಕಾದ ಕಾದಂಬರಿ ಗವಾನನದಲ್ಲ, ಆ ಮೊಹರಿನವನದು. ಆ ರಾತ್ರಿ ಮನೆಗೆ ಹೋಗಿ ಹೆಂಡತಿಗೆ ಏನು ಹೇಳಿದ? ಊಟ ಮಾಡಿದನಾ? ಇತಿಹಾಸದವರು ಅಲ್ಲಿಗೆ ಹೋಗಲ್ಲ, ಕಥೆ ಬರೆಯುವವರು ಹೋಗಬೇಕು.

ಸುರಪುರ ದೂರವಾಯಿತು ಅಂತ ಅವ್ವ ಬರಲಿಲ್ಲ. ದಾರಿಯಲ್ಲಿ ಶಹಾಪುರದ ಹತ್ತಿರ ಬಸ್ಸಿನ ಕಿಟಕಿಯಿಂದಲೇ ಮಲಗಿದ ಬುದ್ಧನ ಬೆಟ್ಟ ಕಾಣುತ್ತದೆ. ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ. ಫಿಲಿಪ್ ಮೆಡೋಸ್ ಟೇಲರ್ 1841ರಿಂದ 1853ರವರೆಗೆ ಇಲ್ಲಿದ್ದ, ಬಾಲಕ ರಾಜ ವೆಂಕಟಪ್ಪ ನಾಯಕ ಅವನನ್ನು 'ಅಪ್ಪಾ' ಅಂತ ಕರೆಯುತ್ತಿದ್ದ. ಬಹಳ ಜನ ಅವನನ್ನು ಬ್ರಿಟಿಷ್ ಅಧಿಕಾರಿ ಅಂತ ಮಾತ್ರ ತಿಳಿದಿದ್ದಾರೆ, ಅವನು ಕಾದಂಬರಿಕಾರ ಕೂಡ. 1839ರಲ್ಲೇ, ದಾರಿಹೋಕರನ್ನು ಕೊಂದು ದೋಚುತ್ತಿದ್ದ ಥಗ್ಗರ ಬಗ್ಗೆ ಅವನು ಬರೆದ ಕಾದಂಬರಿ ಇಂಗ್ಲೆಂಡಿನಲ್ಲಿ ಹೆಸರು ಮಾಡಿತ್ತು. ಮುಂದೆ ಅದೇ ಹುಡುಗ ಬ್ರಿಟಿಷರ ವಿರುದ್ಧ ಎದ್ದು 1858ರಲ್ಲಿ ಪ್ರಾಣ ಕಳೆದುಕೊಂಡ. ಮೇಲೆ ಗಾಳಿ ಚೆನ್ನಾಗಿತ್ತು, ಎರಡು ಕಥೆ ಮುಗಿದವು.

ಸನ್ನತಿಗೆ ಬೇಸಿಗೆಯಲ್ಲಿ ಹೋಗಬೇಕಾದರೆ ಅದರ ಹತ್ತಿರದ ಕನಗನಹಳ್ಳಿಯ ಬೌದ್ಧ ಸ್ತೂಪವನ್ನು ಬೆಳಿಗ್ಗೆಯೇ ನೋಡಿ ಮುಗಿಸಿ. ಅಶೋಕನ ಹೆಸರು ಕೆತ್ತಿದ ಅವನದೇ ಶಿಲ್ಪ ಸಿಕ್ಕ ಜಾಗ ಅದು, ಬಯಲು, ನೆರಳಿಲ್ಲ. ಆಮೇಲೆ ಭೀಮಾ ದಂಡೆಯ ಚಂದ್ರಲಾಂಬಾ ಗುಡಿಯಲ್ಲಿ ಕೂಡಬಹುದು. ಇದೇ ಆವರಣದ ಕಾಳಿ ಗುಡಿಯ ಸೂರು 1986ರಲ್ಲಿ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಕಲ್ಲೇ ಅಶೋಕನ ಶಾಸನ ಅಂತ ಗೊತ್ತಾಗಿದ್ದು. ಮಳಖೇಡ ಹತ್ತಿರ, ಆದರೆ ಕಾಗಿಣಾದಲ್ಲಿ ನೀರಿದ್ದಾಗಲೇ ಚಂದ, ಮಳೆಗಾಲಕ್ಕೆ ಇಟ್ಟುಕೊಂಡಿದ್ದೇನೆ.

ಬುತ್ತಿಗೆ ಖಟಕ್ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ ಸಾಕು, ಇವು ಬಿಸಿಲಿಗೆ ಹಳಸಲ್ಲ. ಮೊಸರು ಬೇಡ, ಮಧ್ಯಾಹ್ನಕ್ಕೆ ಹುಳಿಯಾಗಿ ಪುಸ್ತಕದ ಮೇಲೆ ಚೆಲ್ಲುತ್ತದೆ. ಗ್ರಂಥಾಲಯದ ಪುಸ್ತಕಕ್ಕೆ ಒಂದು ಪ್ಲಾಸ್ಟಿಕ್ ಚೀಲ ಬೇರೆ ಇಡಿ. ಅವ್ವನಿಗೆ ಗಾಣಗಾಪುರ ಆಗಬೇಕು ಅಂತಿದೆ, ಭೀಮಾ ಅಮರಜಾ ಸಂಗಮದಲ್ಲಿ ಮರದ ನೆರಳೂ ಇದೆ. ಹುಣ್ಣಿಮೆ, ಗುರುವಾರ ಬಿಟ್ಟು ಹೋಗಬೇಕು ಅಷ್ಟೇ, ಆ ದಿನಗಳಲ್ಲಿ ಬಸ್ಸಿನಲ್ಲಿ ನಿಲ್ಲೋಕೆ ಜಾಗ ಸಿಕ್ಕರೆ ಹೆಚ್ಚು, ಪುಸ್ತಕ ಬಿಚ್ಚುವ ಮಾತೆಲ್ಲಿ.