ತಾಮ್ರವನ್ನು ಕಬ್ಬಿಣದ ಬೆಲೆಗೆ ಮಾರಬೇಡಿ: ಸರ್ಕಾರಿ ಗುಜರಿ ವಿಲೇವಾರಿ ಹೀಗೆ ಮಾಡಿ

ಸರ್ಕಾರಿ ಕಚೇರಿಯ ಹಿಂದೆ ಹಳೇ ಮೋಟಾರು, ಪೈಪು, ತಂತಿ, ಮುರಿದ ಕುರ್ಚಿ ಎಲ್ಲ ಒಂದೇ ರಾಶಿಯಾಗಿ ಬಿದ್ದಿರುವುದನ್ನು ನೀವೂ ನೋಡಿರುತ್ತೀರಿ. ನಾನು ಕೆಲಸ ಮಾಡಿದ ಒಂದು ಉಗ್ರಾಣದಲ್ಲಿ ಅದನ್ನೆಲ್ಲ 'ಮಿಶ್ರ ಗುಜರಿ' ಎಂದು ಒಂದೇ ಲಾಟ್ ಮಾಡಿ ಮಾರಿದರು. ಒಳಗಿದ್ದ ತಾಮ್ರವೂ ಕಬ್ಬಿಣದ ಬೆಲೆಗೇ ಹೋಯಿತು. ಜನರ ದುಡ್ಡು ಅದು, ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮೊದಲು ಕಾಗದ. ಸ್ಟಾಕ್ ಬುಕ್ ತಾಳೆ ನೋಡಿ, ಸಮಿತಿಯಿಂದ 'ನಿರುಪಯುಕ್ತ' ಎಂದು ಬರೆಸಿಕೊಳ್ಳಿ.

ಎರಡನೆಯದು ಬೇರ್ಪಡಿಸುವುದು. ಎಲ್ಲರೂ ಎಡವುವುದು ಇಲ್ಲೇ. ಒಂದು ಗಟ್ಟಿ ಆಯಸ್ಕಾಂತ ಇಟ್ಟುಕೊಳ್ಳಿ, ಫ್ರಿಜ್ ಬಾಗಿಲಿಗೆ ಅಂಟಿಸುವಂಥದ್ದು ಸಾಲದು. ಕಬ್ಬಿಣ ಹಿಡಿಯುತ್ತದೆ, ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ, ಸೀಸ ಹಿಡಿಯುವುದಿಲ್ಲ. ಆದರೆ ಸ್ಟೇನ್‌ಲೆಸ್ ಸ್ಟೀಲಿನ ಕೆಲವು ಬಗೆಯೂ ಹಿಡಿಯುವುದಿಲ್ಲ, ಅದನ್ನು ಅಲ್ಯೂಮಿನಿಯಂ ಜೊತೆ ಹಾಕಿಬಿಡುತ್ತಾರೆ. ಕೈಯಲ್ಲಿ ಎತ್ತಿ ನೋಡಿ, ಅದೇ ಗಾತ್ರದ ಅಲ್ಯೂಮಿನಿಯಂ ತೂಕ ಉಕ್ಕಿನ ಮೂರನೇ ಒಂದು ಭಾಗ ಅಷ್ಟೇ. ಅರ್ಥಿಂಗ್ ರಾಡು ಹೊರಗೆ ತಾಮ್ರ, ಒಳಗೆ ಉಕ್ಕು ಇರಬಹುದು, ಅದನ್ನೂ ಆಯಸ್ಕಾಂತವೇ ಹೇಳುತ್ತದೆ. ಮೋಟಾರಿನ ವೈಂಡಿಂಗ್ (ಒಳಗೆ ಸುತ್ತಿದ ತಂತಿ) ಕೆಂಪಗಿದೆ ಎಂದು ಸುಮ್ನೆ ತಾಮ್ರ ಅಂತ ಬರೆಯಬೇಡಿ. ಮೇಲಿನ ಎನಾಮಲ್ ಲೇಪ ಕೆರೆದು ನೋಡಿ, ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ.

ಹಳೇ ಬ್ಯಾಟರಿ, ಟ್ರಾನ್ಸ್‌ಫಾರ್ಮರ್ ಎಣ್ಣೆ ಇದರಲ್ಲಿ ಸೇರಿಸಲೇಬೇಡಿ. ಅವು ಪರವಾನಗಿ ಇರುವ ಮರುಬಳಕೆದಾರರಿಗೇ ಹೋಗಬೇಕು, ಬ್ಯಾಟರಿಗಂತೂ 2022ರ ನಿಯಮಗಳೇ ಇವೆ.

ಇಟ್ಟುಕೊಳ್ಳುವುದು ಸುಲಭ: ತಾಮ್ರ, ಹಿತ್ತಾಳೆ ಬೀಗದ ಕೋಣೆಯಲ್ಲಿ, ಪ್ರತಿ ಚೀಲಕ್ಕೂ ತೂಕದ ಚೀಟಿ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ನೇತುಹಾಕುವ ತಕ್ಕಡಿ ತರಬೇಡಿ, ತೂಕ-ಅಳತೆ ಇಲಾಖೆಯ ಮುದ್ರೆ ಇಲ್ಲದ ತಕ್ಕಡಿಯ ತೂಕಕ್ಕೆ ಜಗಳದಲ್ಲಿ ಬೆಲೆ ಇಲ್ಲ.

ಮಾರಾಟಕ್ಕೆ ಇ-ಹರಾಜೇ ಸರಿ. 1964ರಲ್ಲಿ ಶುರುವಾದ, ಕೇಂದ್ರದ ಉಕ್ಕು ಸಚಿವಾಲಯದ ಎಂಎಸ್‌ಟಿಸಿ ಸಂಸ್ಥೆ ಇದನ್ನು ನಡೆಸಿಕೊಡುತ್ತದೆ. ಕನಿಷ್ಠ ಬೆಲೆಯನ್ನು ಹಳೇ ಕಡತದಿಂದ ನಕಲು ಮಾಡಬೇಡಿ, ಅದೇ ವಾರದ ಮಾರುಕಟ್ಟೆ ದರ ತೆಗೆದುಕೊಳ್ಳಿ. ಲಾಟ್ ಜಾಸ್ತಿ ದೊಡ್ಡದಾದರೆ ಸಣ್ಣ ವ್ಯಾಪಾರಿ ಬರುವುದಿಲ್ಲ, ಇಬ್ಬರು ಮೂವರು ದೊಡ್ಡವರೇ ಉಳಿದರೆ ಬೆಲೆ ಏರುವುದಾದರೂ ಹೇಗೆ?

ಇನ್ನು ಲಾರಿಗೆ ತುಂಬಿಸುವುದು. ಪೂರ್ತಿ ಹಣ, ತೆರಿಗೆ ಕಟ್ಟದೆ ಒಂದು ಮೊಳೆಯೂ ಗೇಟ್ ದಾಟಬಾರದು. ತುಂಬಿದ ಲಾರಿಯ ತೂಕದಲ್ಲಿ ಖಾಲಿ ಲಾರಿಯ ತೂಕ ಕಳೆದರೆ ಮಾಲಿನ ತೂಕ. ಅದಕ್ಕೇ ಖಾಲಿ ಲಾರಿ ತೂಗುವಾಗ ನೀವೇ ಹತ್ತಿ ನೋಡಿ. ಟಾರ್ಪಾಲಿನ ಕೆಳಗೆ ಕಲ್ಲು, ನೀರಿನ ಡ್ರಮ್ ಇಟ್ಟು ಖಾಲಿ ತೂಕ ಹೆಚ್ಚಿಸಿ, ಆಮೇಲೆ ಇಳಿಸಿಬಿಡುತ್ತಾರೆ. ಅಷ್ಟು ಮಾಲು ಬಿಟ್ಟಿ ಹೋದಂತೆ, ಅಲ್ವಾ? ಸ್ಟೆಪ್ನಿ, ಜಾಕ್, ಸರಪಳಿ ಎರಡೂ ಸಲ ಲಾರಿಯಲ್ಲೇ ಇರಲಿ, ಡ್ರೈವರ್ ಎರಡೂ ಸಲ ಕೆಳಗಿಳಿಯಲಿ. ವೇ ಬ್ರಿಡ್ಜ್ (ಲಾರಿ ತೂಗುವ ಜಾಗ) ಯಾವುದೆಂದು ನೀವು ಹೇಳಿ, ಖರೀದಿದಾರ ಅಲ್ಲ. ಮಾಲನ್ನು ಆರಿಸಿ ಒಯ್ಯಲು ಬಿಡಬೇಡಿ, ಒಂದು ತುದಿಯಿಂದ ಎತ್ತುತ್ತಾ ಹೋಗಲಿ, ಇಲ್ಲದಿದ್ದರೆ ಒಳ್ಳೆಯದು ಹೋಗಿ ಕಸ ನಿಮಗೇ ಉಳಿಯುತ್ತದೆ.

ಕೊನೇ ಲಾರಿ ಹೊರಟ ಸಂಜೆಯೇ ಸ್ಟಾಕ್ ಬುಕ್ಕಿನಲ್ಲಿ ತೂಕ ಬರೆದು, ವೇ ಬ್ರಿಡ್ಜ್ ಚೀಟಿ ಅಂಟಿಸಿ, ಸಹಿ ಹಾಕಿಸಿ.